7.25 ಅಂದರೆ ಎಷ್ಟು ಪರ್ಸೆಂಟ್?

ಇಂಜಿನಿಯರಿಂಗ್ ಮುಗಿಸಿದ ಹುಡುಗನಿಗೆ ನೆಂಟರು ಕೇಳುವುದು ಒಂದೇ: "ಎಷ್ಟು ಪರ್ಸೆಂಟ್ ಬಂತಪ್ಪಾ?" ಮಾರ್ಕ್ಸ್ ಕಾರ್ಡಿನಲ್ಲಿ ಇರುವುದು 7.25. "ಏಳೂ ಕಾಲು" ಅಂದರೆ ಯಾರೂ ಸುಮ್ಮನಾಗುವುದಿಲ್ಲ.

ಏಳೂ ಕಾಲು ಬರುವ ಲೆಕ್ಕವೇನೋ ಸುಲಭ. ವಾರಕ್ಕೆ ಒಂದು ಗಂಟೆ ಪಾಠ ಇದ್ದರೆ ಒಂದು ಕ್ರೆಡಿಟ್. ಲ್ಯಾಬ್ ಆದರೆ ಎರಡು ಗಂಟೆಗೆ ಒಂದು. ಗಣಿತಕ್ಕೆ 4 ಕ್ರೆಡಿಟ್, ಸಿಕ್ಕಿದ್ದು ಹತ್ತಕ್ಕೆ 6 ಪಾಯಿಂಟ್: ಗುಣಿಸಿದರೆ 24. ಇನ್ನೊಂದು ವಿಷಯಕ್ಕೆ 3 ಕ್ರೆಡಿಟ್, 8 ಪಾಯಿಂಟ್: ಅದೂ 24. ಲ್ಯಾಬಿಗೆ 1 ಕ್ರೆಡಿಟ್, 10 ಪಾಯಿಂಟ್: 10. ಒಟ್ಟು 58. ಇದನ್ನು 8 ಕ್ರೆಡಿಟ್‌ನಿಂದ ಭಾಗಿಸಿದರೆ 7.25. ಇದು ಒಂದು ಸೆಮಿಸ್ಟರಿನ ಎಸ್‌ಜಿಪಿಎ. ಸುಮ್ನೆ 6, 8, 10 ಕೂಡಿ ಮೂರರಿಂದ ಭಾಗಿಸಿದರೆ 8 ಬಂದುಬಿಡುತ್ತದೆ. ಜಾಸ್ತಿ ಜನ ಎಡವುವುದು ಇಲ್ಲೇ. ಎಲ್ಲ ಸೆಮಿಸ್ಟರುಗಳನ್ನೂ ಹೀಗೇ ಕ್ರೆಡಿಟ್ ಹಿಡಿದು ಕೂಡಿದರೆ ಸಿಜಿಪಿಎ.

ವಿದ್ಯಾರ್ಥಿಗಳನ್ನು ದರ್ಜೆಗಳಾಗಿ ಹಂಚುವುದು ಹಳೆಯ ಚಾಳಿ. 1785ರಲ್ಲೇ ಅಮೆರಿಕದ ಯೇಲ್ ಕಾಲೇಜಿನ ಅಧ್ಯಕ್ಷ ಎಜ್ರಾ ಸ್ಟೈಲ್ಸ್ 58 ಹುಡುಗರನ್ನು ನಾಲ್ಕು ದರ್ಜೆ ಮಾಡಿ ಡೈರಿಯಲ್ಲಿ ಬರೆದಿಟ್ಟಿದ್ದರು. ನಮ್ಮಲ್ಲಿ 1960ರ ದಶಕದಲ್ಲಿ, ಅಮೆರಿಕದ ನೆರವಿನಿಂದ ಬೆಳೆದ ಕಾನ್ಪುರ ಐಐಟಿಯಂಥ ಕಡೆ ಗ್ರೇಡ್ ಪದ್ಧತಿ ಬಂತು. ಉಳಿದವರು ಫಸ್ಟ್ ಕ್ಲಾಸ್, ಡಿಸ್ಟಿಂಕ್ಷನ್ ಅಂತಲೇ ಇದ್ದರು. 2014ರಲ್ಲಿ ವಿಶ್ವವಿದ್ಯಾಲಯಗಳ ಮೇಲ್ವಿಚಾರಣೆ ನೋಡುವ ಯುಜಿಸಿ ಹತ್ತು ಪಾಯಿಂಟಿನ ಅಳತೆಗೋಲು ಕೊಟ್ಟಿತು. 2015ರಲ್ಲಿ ಕರ್ನಾಟಕದ ಇಂಜಿನಿಯರಿಂಗ್ ವಿಶ್ವವಿದ್ಯಾಲಯ ವಿಟಿಯು ಕೂಡ ಸಿಬಿಸಿಎಸ್ ಎಂಬ ಕ್ರೆಡಿಟ್ ಆಧಾರದ ಸ್ಕೀಮಿಗೆ ಬಂತು.

ತೊಡಕು ಶುರುವಾಗುವುದು ಇದನ್ನು ಪರ್ಸೆಂಟಿಗೆ ತಿರುಗಿಸುವಾಗ. ನೂರಕ್ಕೆ 71 ತೆಗೆದವನಿಗೂ 8 ಪಾಯಿಂಟ್, 79 ತೆಗೆದವನಿಗೂ 8. ಯಾರಿಗೂ 80 ಬಂದಿಲ್ಲ, ಅಲ್ವಾ? ಅಂದರೆ ಪಾಯಿಂಟ್ ಸಾಮಾನ್ಯವಾಗಿ ಸ್ವಲ್ಪ ಉಬ್ಬಿಯೇ ಇರುತ್ತದೆ. ಆ ಉಬ್ಬನ್ನು ಇಳಿಸಲು ವಿಟಿಯು ಆ ಸ್ಕೀಮಿನಲ್ಲಿ ಸಿಜಿಪಿಎಯಿಂದ 0.75 ಕಳೆದು ಹತ್ತರಿಂದ ಗುಣಿಸಲು ಹೇಳಿತು. ಏಳೂ ಕಾಲು ಹೀಗೆ 65 ಆಯಿತು. ದೇಶದ ತಾಂತ್ರಿಕ ಶಿಕ್ಷಣ ನೋಡಿಕೊಳ್ಳುವ ಎಐಸಿಟಿಇಯ ಪಟ್ಟಿಯಲ್ಲೂ 7.25ರ ಎದುರಿಗೆ ಇರುವುದು 65 ಅಂತಲೇ.

ಕೇಂದ್ರದ ಶಾಲಾ ಪರೀಕ್ಷಾ ಮಂಡಳಿ ಸಿಬಿಎಸ್‌ಇ ಇನ್ನೊಂದು ದಾರಿ ಹಿಡಿದಿತ್ತು. 2010ರಿಂದ ಹತ್ತನೇ ತರಗತಿಗೆ ಸಿಜಿಪಿಎ ಕೊಡುತ್ತಿದ್ದಾಗ ಅದು ಹೇಳಿದ್ದು 9.5ರಿಂದ ಗುಣಿಸಿ ಅಂತ. ಕಾರಣ ಸರಳ: 91ರಿಂದ 100ರೊಳಗೆ ಅಂಕ, ಅಂದರೆ 10 ಪಾಯಿಂಟ್, ಪಡೆದವರ ಸರಾಸರಿ 95ರ ಆಸುಪಾಸು ಇತ್ತು. ಇದು ಶಾಲೆ ಮಕ್ಕಳ ಅಂಕ ನೋಡಿ ಕಟ್ಟಿದ ಸೂತ್ರ. ಕಾಲೇಜಿಗೆ ಇದು ಹೊಂದಬೇಕೆಂದೇನೂ ಇಲ್ಲ. ಆದರೂ ಸಿಕ್ಕ ಸಿಕ್ಕಲ್ಲಿ ಬಳಸುತ್ತಾರೆ.

ಅಂಕದ ಪೈಪೋಟಿ ತಗ್ಗಿಸಲು ಬಂದ ಗ್ರೇಡನ್ನು ಮತ್ತೆ ಅಂಕ ಮಾಡಲು ಇಷ್ಟು ಪಾಡು! ಕೆಲಸದ ಅರ್ಜಿಯಲ್ಲಿ "ಕನಿಷ್ಠ 60%" ಅಂತ ಇದ್ದರೆ ಪಾಡು ಇನ್ನೂ ಜಾಸ್ತಿ. 6.6 ಇರುವ ಹುಡುಗಿ 9.5ರಿಂದ ಗುಣಿಸಿದರೆ 62.7, ಗೆರೆಯ ಒಳಗೆ. 0.75 ಕಳೆದರೆ 58.5, ಹೊರಗೆ.