ಬೇಡ ಅನ್ನುವ ಅಧಿಕಾರ ಯಾರದು?

ಕಟ್ಟಡದ ನಕ್ಷೆ ನಿಯಮದ ಪ್ರಕಾರ ಇದೆಯಾ? ಇದ್ದರೆ ಮಂಜೂರು ಮಾಡಿ. ಕ್ಯಾಲಿಫೋರ್ನಿಯಾದ ರಾಜಕಾರಣಿ ಸ್ಕಾಟ್ ವೀನರ್ ಅವರ ವಾದದ ತಿರುಳು ಇಷ್ಟೇ. ನಗರ ಯೋಜನೆ ಕೆಲಸದಲ್ಲಿರುವ ನನಗೆ ಇದು ಸಣ್ಣ ಮಾತಲ್ಲ. ಎಷ್ಟು ಮಹಡಿ ಅನ್ನುವುದಕ್ಕಿಂತ, ಬೇಡ ಅನ್ನುವ ಅಧಿಕಾರ ಯಾರ ಕೈಯಲ್ಲಿದೆ ಅನ್ನುವುದೇ ಎಷ್ಟೋ ಸಲ ಕಟ್ಟಡದ ಹಣೆಬರಹ ಬರೆಯುತ್ತದೆ.

ವೀನರ್ ವಕೀಲರು. 2010ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ನಗರದ ಆಡಳಿತ ಮಂಡಳಿಗೆ ಗೆದ್ದರು, ಸಲಿಂಗಿಗಳ ಹಕ್ಕಿಗಾಗಿ ಹೋರಾಡಿದ ಹಾರ್ವಿ ಮಿಲ್ಕ್ ಹಿಂದೆ ಪ್ರತಿನಿಧಿಸಿದ್ದ ಕ್ಯಾಸ್ಟ್ರೊ ಭಾಗದಿಂದ. 2016ರಲ್ಲಿ ರಾಜ್ಯ ಸೆನೆಟ್‌ಗೆ. ಮರುವರ್ಷವೇ ಅವರ ಎರಡು ಮಸೂದೆ ಕಾಯ್ದೆಯಾದವು. ಗೊತ್ತಿದ್ದೂ ಇನ್ನೊಬ್ಬರನ್ನು ಎಚ್‌ಐವಿ ಅಪಾಯಕ್ಕೆ ಒಡ್ಡಿದರೆ 8 ವರ್ಷದವರೆಗೂ ಜೈಲು ಆಗಬಹುದಿತ್ತು. ಆ ಶಿಕ್ಷೆಯನ್ನು ಒಂದು ಕಾಯ್ದೆ ಇಳಿಸಿತು. ಇನ್ನೊಂದು ಎಸ್‌ಬಿ 35 (ಎಸ್‌ಬಿ ಅಂದರೆ ಸೆನೆಟ್ ಮಸೂದೆ): ರಾಜ್ಯ ಕೊಟ್ಟ ಮನೆಗಳ ಗುರಿ ಮುಟ್ಟದ ಊರಿನಲ್ಲಿ ನಿಯಮಕ್ಕೆ ಸರಿಹೊಂದುವ ವಸತಿ ಯೋಜನೆಗೆ ಸ್ಥಳೀಯ ಆಡಳಿತ ಅಡ್ಡಗಾಲು ಹಾಕುವಂತಿಲ್ಲ.

ಜನರ ಹಕ್ಕುಗಳಿಗೂ ಕಟ್ಟಡದ ನಕ್ಷೆಗೂ ಏನು ಸಂಬಂಧ ಅಂತೀರಾ? ಬಣ್ಣ ನೋಡಿ ಬಡಾವಣೆ ಹಂಚುವುದನ್ನು ಅಮೆರಿಕದ ಸುಪ್ರೀಂ ಕೋರ್ಟ್ 1917ರಲ್ಲೇ ರದ್ದು ಮಾಡಿತು. ಆದರೆ ನಿವೇಶನಕ್ಕೆ ಒಂದೇ ಮನೆ ಅನ್ನುವ ನಿಯಮ ಉಳಿಯಿತು. ಯಾರ ಹೆಸರೂ ಹೇಳದೆ, ಬಡವರನ್ನೂ ಕಪ್ಪು ಜನರನ್ನೂ ಬೆಲೆಯಲ್ಲೇ ಹೊರಗಿಟ್ಟಿತು.

ಕ್ಯಾಲಿಫೋರ್ನಿಯಾದ ಕೂಪರ್ಟಿನೊ ಊರಿನ ಸುತ್ತಮುತ್ತಲಿನ ಕನ್ನಡಿಗರಿಗೆ ವಾಲ್ಕೊ ಮಾಲ್ ಗೊತ್ತೇ ಇರುತ್ತದೆ. ಅದರ ಭವಿಷ್ಯದ ಬಗ್ಗೆ 2016ರಲ್ಲಿ ಮತದಾನವಾಯಿತು, ಎದುರುಬದುರಿನ ಎರಡೂ ಪ್ರಸ್ತಾವ ಬಿದ್ದವು. 2018ರಲ್ಲಿ ಬಿಲ್ಡರ್ ಎಸ್‌ಬಿ 35 ಹಿಡಿದು ಬಂದರು: 2,402 ಮನೆ, ಅರ್ಧ ಕಡಿಮೆ ಆದಾಯದವರಿಗೆ. ಇಷ್ಟು ದೊಡ್ಡ ಅರ್ಜಿಗೆ ಕಾಯ್ದೆ ಕೊಡುವ ಗಡುವು 180 ದಿನ. ಅಷ್ಟರೊಳಗೆ ಮಂಜೂರಾಯಿತು. ಕೇಸೂ ಬಿತ್ತು, ಕೋರ್ಟ್ ಮಂಜೂರಾತಿಯನ್ನೇ ಎತ್ತಿಹಿಡಿಯಿತು. ಹಾಗಂತ ಮನೆ ಎದ್ದುಬಿಟ್ಟವಾ? ಇಲ್ಲ. ನಕ್ಷೆ ಮತ್ತೆ ಬದಲಾಯಿತು, ವರ್ಷಗಳು ಉರುಳಿದವು. ಸೀಲು ಬಿದ್ದ ಕಾಗದಕ್ಕೆ ಬ್ಯಾಂಕ್ ಬಡ್ಡಿ ಇಳಿಸುವ ಶಕ್ತಿ ಇಲ್ಲ ಅಲ್ವಾ!

ಎತ್ತರದ ವಿಷಯಕ್ಕೆ ನೇರವಾಗಿ ಕೈಹಾಕಿದಾಗ ಮಾತ್ರ ವೀನರ್ ಮೊದಮೊದಲು ಸೋತರು. ರೈಲು ನಿಲ್ದಾಣದ ಹತ್ತಿರ ಎತ್ತರದ ಕಟ್ಟಡಕ್ಕೆ ಅವಕಾಶ ಕೊಡಿ ಎಂದ ಎಸ್‌ಬಿ 827, 2018ರಲ್ಲಿ ಮೊದಲ ಸಮಿತಿಯಲ್ಲೇ ಬಿತ್ತು. ಸುಮ್ನೆ ಶ್ರೀಮಂತರಷ್ಟೇ ವಿರೋಧಿಸಿದರು ಅನ್ನುವಂತಿಲ್ಲ. ಎತ್ತಂಗಡಿ ಆಗ್ತೀವಿ ಅಂತ ಬಡ ಬಾಡಿಗೆದಾರರ ಸಂಘಗಳೂ ಎದ್ದವು. ಆ ಭಯ ಸರಿಯೇ ಇತ್ತು ಎಂದು ನನ್ನ ಅನಿಸಿಕೆ. ಅದೇ ಆಶಯದ ಎಸ್‌ಬಿ 50 ಕೂಡ 2020ರಲ್ಲಿ ಬಿತ್ತು. ಕೊನೆಗೆ 2025ರಲ್ಲಿ ಎಸ್‌ಬಿ 79 ಪಾಸಾಯಿತು: ದೊಡ್ಡ ನಿಲ್ದಾಣದ ಪಕ್ಕದಲ್ಲೇ ಸುಮಾರು 9 ಮಹಡಿ, ಜತೆಗೆ ಬಾಡಿಗೆ ನಿಯಂತ್ರಣದ ಕಟ್ಟಡ ಕೆಡವುವುದಕ್ಕೆ ಕಡಿವಾಣ.