ಟ್ರೆಕ್ಕಿಂಗ್ ಪೀಕ್: ಹೆಸರು ನಂಬಿ ಹೊರಡುವ ಮುಂಚೆ

ಎಳ್ಳೆಣ್ಣೆ ಎಳ್ಳಿನಿಂದ ಬರುತ್ತದೆ. ಕೊಬ್ಬರಿ ಎಣ್ಣೆ ಕೊಬ್ಬರಿಯಿಂದ ಬರುತ್ತದೆ. ದೀಪದ ಎಣ್ಣೆ ಮಾತ್ರ ದೀಪದಿಂದ ಬರುವುದಿಲ್ಲ. ಎರಡು ಪದ ಅಂಟಿಕೊಂಡಾಗ ಅವುಗಳ ನಡುವಿನ ಸಂಬಂಧ ಏನು ಅಂತ ಪದ ಹೇಳುವುದಿಲ್ಲ, ನಾವೇ ಊಹಿಸಬೇಕು. ‘ಟ್ರೆಕ್ಕಿಂಗ್ ಪೀಕ್’ ಅನ್ನುವ ಪದದಲ್ಲೂ ಇದೇ ತೊಂದರೆ.

ಈ ಪದ ಮೊದಲ ಸಲ ಕಿವಿಗೆ ಬಿದ್ದಾಗ ‘ಟ್ರೆಕ್ಕಿಂಗ್ ಮಾಡಿಕೊಂಡೇ ಹತ್ತಬಹುದಾದ ಶಿಖರ’ ಅಂತ ಅಂದುಕೊಂಡಿದ್ದೆ. ಬೆನ್ನಿಗೆ ಬ್ಯಾಗು, ಕೈಯಲ್ಲಿ ಕೋಲು, ಕಾಲಿಗೆ ಒಳ್ಳೆ ಶೂ, ಅಷ್ಟೇ ಅಲ್ವಾ? ಆಮೇಲೆ ಅಂಥದ್ದೊಂದು ಶಿಖರದ ಫೋಟೋ ನೋಡಿದೆ. ಗೋಡೆಯಂಥ ಹಿಮದ ಮೇಲೆ ಇರುವೆ ಸಾಲಿನ ಹಾಗೆ ಜನ. ಎಲ್ಲರೂ ಒಂದೇ ಹಗ್ಗ ಹಿಡಿದು ನೇತಾಡುತ್ತಿದ್ದಾರೆ. ಇದರಲ್ಲಿ ಟ್ರೆಕ್ಕಿಂಗ್ ಎಲ್ಲಿ ಬಂತು?

ಉತ್ತರ ಸಿಗುವುದು ಬೆಟ್ಟದಲ್ಲಿ ಅಲ್ಲ, ಕಠ್ಮಂಡುವಿನ ಒಂದು ಕಚೇರಿಯಲ್ಲಿ.

ನೇಪಾಳದಲ್ಲಿ ಶಿಖರ ಹತ್ತಬೇಕಾದರೆ ಪರ್ಮಿಟ್ ಬೇಕು. ದೊಡ್ಡ ಶಿಖರಗಳಿಗೆ ಸರ್ಕಾರದ ಪ್ರವಾಸೋದ್ಯಮ ಇಲಾಖೆ ಪರ್ಮಿಟ್ ಕೊಡುತ್ತದೆ. ಅದು ದೊಡ್ಡ ವ್ಯವಹಾರ. ತಂಡದ ಜೊತೆ ಲಿಯೇಸಾನ್ ಆಫೀಸರ್ ಅಂತ ಒಬ್ಬ ಸರ್ಕಾರಿ ಅಧಿಕಾರಿಯನ್ನು ನೇಮಿಸುತ್ತಾರೆ, ಅವರ ಖರ್ಚೂ ತಂಡದ್ದೇ. ಎವರೆಸ್ಟ್‌ಗಾದರೆ ವಸಂತ ಕಾಲದಲ್ಲಿ ತಲೆಗೆ 11,000 ಡಾಲರ್ ಶುಲ್ಕವಿತ್ತು, 2025ರ ಸೆಪ್ಟೆಂಬರ್‌ನಿಂದ ಅದು 15,000 ಆಗಿದೆ. ಇಷ್ಟೆಲ್ಲ ರಗಳೆ ಎವರೆಸ್ಟ್‌ಗೆ ಸರಿ. ಆರು ಸಾವಿರ ಮೀಟರಿನ ಒಂದು ಶಿಖರ ಹತ್ತಿ ಬರೋಣ ಅನ್ನುವವನಿಗೂ ಇಷ್ಟೇ ರಗಳೆ ಅಂದರೆ ಯಾರು ಹೋಗುತ್ತಾರೆ? ಅದಕ್ಕೇ 1978ರಲ್ಲಿ ನೇಪಾಳ 18 ಶಿಖರಗಳನ್ನು ಬೇರೆ ಪಟ್ಟಿ ಮಾಡಿತು. ಅವುಗಳ ಪರ್ಮಿಟ್ ಕೊಡುವ ಕೆಲಸವನ್ನು ನೇಪಾಳ ಪರ್ವತಾರೋಹಣ ಸಂಘಕ್ಕೆ ಒಪ್ಪಿಸಿತು. 1973ರಲ್ಲಿ ಹುಟ್ಟಿದ ಈ ಸಂಘವನ್ನು ಎಲ್ಲರೂ ಎನ್‌ಎಂಎ ಅಂತಲೇ ಕರೆಯುತ್ತಾರೆ. 2002ರಲ್ಲಿ ಪಟ್ಟಿಗೆ ಇನ್ನೂ 15 ಸೇರಿದವು. ಈ ಪಟ್ಟಿಯ ಶಿಖರಗಳಿಗೆ ಅಧಿಕಾರಿ ಬೇಡ, ಶುಲ್ಕ ಕೆಲವು ನೂರು ಡಾಲರ್, ಕಾಗದದ ಕೆಲಸ ಕಡಿಮೆ.

ಟ್ರೆಕ್ಕಿಂಗ್ ಪೀಕ್ ಅಂದರೆ ಈ ಪಟ್ಟಿಯಲ್ಲಿರುವ ಶಿಖರ. ಟ್ರೆಕ್ಕಿಂಗ್‌ಗೆ ಬಂದವರು ಸುಲಭವಾದ ಪರ್ಮಿಟ್ ತೆಗೆದುಕೊಂಡು, ತಮ್ಮ ಚಾರಣದ ಜೊತೆಗೇ ಹತ್ತಲು ಅವಕಾಶವಿರುವ ಶಿಖರ. ಇಲ್ಲಿ ‘ಸುಲಭ’ ಅನ್ನುವುದು ಪರ್ಮಿಟ್‌ಗೆ ಹೇಳಿದ್ದು, ಶಿಖರಕ್ಕಲ್ಲ. ನನ್ನ ಪ್ರಕಾರ ಈ ಪದದ ಬಗ್ಗೆ ತಿಳಿಯಬೇಕಾದ ಮುಖ್ಯ ಸಂಗತಿ ಇದೊಂದೇ. ಉಳಿದದ್ದೆಲ್ಲ ವಿವರ.

ಆದರೆ ವಿವರವೇ ಸ್ವಾರಸ್ಯ. ಅದೇ ಪಟ್ಟಿಯಲ್ಲಿ 6,367 ಮೀಟರಿನ ಕುಸುಮ್ ಕಾಂಗ್ರು ಇದೆ. ಕಡಿದಾದ ಬಂಡೆ, ಕಡಿದಾದ ಮಂಜುಗಡ್ಡೆ. ವರ್ಷಗಟ್ಟಲೆ ಹತ್ತಿ ಪಳಗಿದವರೂ ಅಲ್ಲಿಂದ ಹಿಂದೆ ತಿರುಗಿದ್ದಾರೆ. 6,440 ಮೀಟರಿನ ಚೋಲಾಟ್ಸೆ ಕೂಡ ಎನ್‌ಎಂಎ ಪಟ್ಟಿಯದೇ, ಅದರ ಫೋಟೋ ನೋಡಿದರೆ ಸಾಕು. ಅದೇ ಪಟ್ಟಿಯಲ್ಲಿ ಮೇರಾ ಪೀಕ್ ಕೂಡ ಇದೆ. ಅದರ ಹಾದಿಯ ಬಹುಭಾಗ ಹಿಮದ ಮೇಲಿನ ಉದ್ದನೆಯ ಏರು ನಡಿಗೆ. ಎಲ್ಲಕ್ಕೂ ಒಂದೇ ಪಟ್ಟಿ, ಒಂದೇ ಹೆಸರು. ರೇಷನ್ ಕಾರ್ಡಿನ ಬಣ್ಣ ನೋಡಿ ಮನೆಯವರ ಸ್ವಭಾವ ಹೇಳಲಾಗುತ್ತದೆಯೇ?

ಹೆಸರಿನ ಮೊದಲ ಅರ್ಧಕ್ಕೂ ಒಂದು ಕಥೆಯಿದೆ. ‘ಟ್ರೆಕ್’ ದಕ್ಷಿಣ ಆಫ್ರಿಕಾದ ಆಫ್ರಿಕಾನ್ಸ್ ಭಾಷೆಯಿಂದ ಇಂಗ್ಲಿಷಿಗೆ ಬಂದ ಪದ. ಮೂಲ ಡಚ್ಚಿನಲ್ಲಿ ‘ಎಳೆಯುವುದು’ ಅಂತ ಅರ್ಥ. ಎತ್ತಿನ ಗಾಡಿ ಕಟ್ಟಿಕೊಂಡು ಸಂಸಾರ ಸಮೇತ ಹೊರಟ ದೂರದ ಪಯಣಕ್ಕೆ ಹೇಳುತ್ತಿದ್ದ ಮಾತು. ಅದು ನೇಪಾಳದ ಬೆಟ್ಟಗಳಿಗೆ ಅಂಟಿಕೊಂಡಿದ್ದರಲ್ಲಿ ಜಿಮ್ಮಿ ರಾಬರ್ಟ್ಸ್ ಅನ್ನುವ ನಿವೃತ್ತ ಸೈನ್ಯಾಧಿಕಾರಿಯ ಪಾಲು ದೊಡ್ಡದು. 1964ರಲ್ಲಿ ಅವರು ಕಠ್ಮಂಡುವಿನಲ್ಲಿ ಮೌಂಟನ್ ಟ್ರಾವೆಲ್ ಅನ್ನುವ ಕಂಪನಿ ಶುರು ಮಾಡಿದರು. ಗೈಡ್, ಅಡುಗೆಯವರು, ಡೇರೆ, ಹೊರೆಯಾಳುಗಳು ಎಲ್ಲವನ್ನೂ ಒಟ್ಟಿಗೆ ಒದಗಿಸುವ ಪ್ರವಾಸ ಅಲ್ಲಿಂದ ಬೆಳೆಯಿತು. ತಮಾಷೆ ಅಂದರೆ, 1953ರ ಮೇ 20ರಂದು ಸೆನ್ ತೆನ್ಸಿಂಗ್ ಅನ್ನುವವರ ಜೊತೆ ಮೇರಾ ಪೀಕ್ ಮೊದಲು ಹತ್ತಿದವರೂ ಇದೇ ರಾಬರ್ಟ್ಸ್. ಎವರೆಸ್ಟ್ ತಂಡಕ್ಕೆ ಆಮ್ಲಜನಕದ ಸಿಲಿಂಡರ್ ತಲುಪಿಸಲು ಬಂದಿದ್ದರು. ಕೆಲಸ ಮುಗಿಸಿ ಹಾಗೇ ಒಂದು ಶಿಖರ ಹತ್ತಿಕೊಂಡು ಹೋದರು. ಟ್ರೆಕ್ಕಿಂಗ್ ಮತ್ತು ಪೀಕ್ ಎರಡೂ ಒಬ್ಬರದೇ ಬದುಕಿನಲ್ಲಿ ಕೂಡಿದವು ಅನ್ನಬಹುದು.

ಇನ್ನು ಜಾಹೀರಾತುಗಳಲ್ಲಿ ಈ ಪದದ ಬಾಲಕ್ಕೆ ಕಟ್ಟುವ ಮಾತು, ‘ಹೊಸಬರಿಗೂ ಆಗುತ್ತದೆ’. ಇದು ಸುಳ್ಳಲ್ಲ, ಆದರೆ ಬಿಡಿಸಿ ಓದಬೇಕು.

ಹೊಸಬರಿಗೆ ಹೆಚ್ಚಾಗಿ ಹೇಳುವ ಹೆಸರು ಮೂರು. ಮೇರಾ, ಐಲೆಂಡ್ ಪೀಕ್, ಲೋಬುಚೆ ಈಸ್ಟ್. ಮೇರಾ ಮೂರರಲ್ಲಿ ಎತ್ತರದ್ದು, ಹತ್ತಲು ಸಲೀಸಾದದ್ದೂ ಅದೇ. ಜನ ಸಾಮಾನ್ಯವಾಗಿ ಹೋಗುವ ನಡುತುದಿ 6,461 ಮೀಟರ್, ಉತ್ತರದ ತುದಿ 6,476. ಎನ್‌ಎಂಎ ಪಟ್ಟಿಯಲ್ಲಿ ಅದಕ್ಕೆ 6,654 ಅಂತ ಬಿದ್ದ ಅಂಕಿ ಎಷ್ಟೋ ಕಡೆ ಹಾಗೇ ಓಡಾಡುತ್ತಿದೆ, ನಂಬಬೇಡಿ. ಲೋಬುಚೆ ಈಸ್ಟ್ 6,119 ಮೀಟರ್. ಅಲ್ಲಿ ಬಹಳ ಜನ ನಿಜವಾದ ತುದಿಗೆ ಮುಂಚೆ ಬರುವ ಸುಳ್ಳು ತುದಿಯಿಂದಲೇ ವಾಪಸ್ ಬರುತ್ತಾರೆ.

ಐಲೆಂಡ್ ಪೀಕ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. 1951ರಲ್ಲಿ ಬ್ರಿಟಿಷ್ ಪರ್ವತಾರೋಹಿ ಎರಿಕ್ ಶಿಪ್ಟನ್ ತಂಡ ಇಟ್ಟ ಹೆಸರದು. ದಾರಿಯಲ್ಲಿ ಸಿಗುವ ದಿಂಗ್‌ಬೋಚೆ ಅನ್ನುವ ಊರಿನ ಕಡೆಯಿಂದ ನೋಡಿದರೆ ಮಂಜಿನ ಕಡಲಿನ ನಡುವೆ ದ್ವೀಪದ ಹಾಗೆ ಕಾಣುತ್ತದೆ. 1953ರಲ್ಲಿ ಎವರೆಸ್ಟ್‌ಗೆ ಮುಂಚಿನ ತಯಾರಿಗಾಗಿ ತೇನ್‌ಸಿಂಗ್ ನೋರ್ಗೆ, ಚಾರ್ಲ್ಸ್ ಇವಾನ್ಸ್ ಮೊದಲಾದವರು ಇದನ್ನು ಮೊದಲು ಹತ್ತಿದರು. ಎವರೆಸ್ಟ್ ತಂಡದ ತಾಲೀಮಿನ ಬೆಟ್ಟ ಈಗ ಹೊಸಬರ ಬೆಟ್ಟ! 1983ರಲ್ಲಿ ಇದಕ್ಕೆ ಇಮ್ಜಾ ತ್ಸೆ ಅಂತ ಅಧಿಕೃತ ಹೆಸರು ಬಂತು. ಎತ್ತರವೂ ಒಂದೊಂದು ಕಡೆ ಒಂದೊಂದು. ಕೆಲವರು 6,160 ಅನ್ನುತ್ತಾರೆ, ಕೆಲವರು 6,189.

ಕಷ್ಟ ಅಳೆಯಲು ಆಲ್ಪ್ಸ್ ಪರ್ವತಗಳಲ್ಲಿ ಬಳಸುವ ಫ್ರೆಂಚ್ ಶ್ರೇಣಿಯಿದೆ. ಎಫ್ ಅಂದರೆ ಸುಲಭ, ಪಿಡಿ ಅಂದರೆ ಸ್ವಲ್ಪ ಕಷ್ಟ, ಎಡಿ ಅಂದರೆ ಸಾಕಷ್ಟು ಕಷ್ಟ. ಮೇರಾಗೆ ಎಫ್‌ನಿಂದ ಪಿಡಿ, ಐಲೆಂಡ್ ಪೀಕ್‌ಗೆ ಪಿಡಿಗಿಂತ ಒಂಚೂರು ಮೇಲೆ ಕೊಡುವುದು ವಾಡಿಕೆ. ಈ ಅಳತೆ ಕಟ್ಟಿದ್ದು ನಾಲ್ಕು ಸಾವಿರ ಮೀಟರ್ ಆಸುಪಾಸಿನ ಬೆಟ್ಟಗಳಿಗೆ. ಅದು ಇಳಿಜಾರು ಎಷ್ಟು ಕಡಿದು, ಹಗ್ಗ ಬೇಕಾ ಬೇಡವಾ ಅಂತ ಹೇಳುತ್ತದೆ. ಉಸಿರಿನ ಲೆಕ್ಕ ಅದರಲ್ಲಿಲ್ಲ. 5,500 ಮೀಟರಿನಲ್ಲಿ ಗಾಳಿಯ ಒತ್ತಡ ಸಮುದ್ರ ಮಟ್ಟದ ಅರ್ಧ. ಶೂ ಲೇಸ್ ಕಟ್ಟಿ ಎದ್ದು ನಿಂತರೆ ಏದುಸಿರು ಬರುತ್ತದೆ. ಅಲ್ಲಿ ‘ಸ್ವಲ್ಪ ಕಷ್ಟ’ ಸ್ವಲ್ಪದ್ದಾಗಿ ಉಳಿಯುವುದಿಲ್ಲ.

ಹಾಗಾಗಿ ಹೊಸಬರನ್ನು ಶಿಖರಕ್ಕೆ ಮುಟ್ಟಿಸುವುದು ತೋಳಿನ ಬಲಕ್ಕಿಂತ ದಿನಗಳ ಲೆಕ್ಕ. ಮೂರು ಸಾವಿರ ಮೀಟರ್ ದಾಟಿದ ಮೇಲೆ ಮಲಗುವ ಜಾಗ ದಿನಕ್ಕೆ 500 ಮೀಟರಿಗಿಂತ ಮೇಲೆ ಹೋಗಬಾರದು, ಮೂರು ನಾಲ್ಕು ದಿನಕ್ಕೊಮ್ಮೆ ಒಂದೇ ಎತ್ತರದಲ್ಲಿ ಇನ್ನೊಂದು ರಾತ್ರಿ ಉಳಿಯಬೇಕು ಅನ್ನುವುದು ವೈದ್ಯರ ಮಾತು. ಐಲೆಂಡ್ ಪೀಕ್ ಪ್ರವಾಸದ ಪಟ್ಟಿ ಕೈಗೆ ಬಂದರೆ ಮೊದಲು ನೋಡಬೇಕಾದ್ದು ಇದನ್ನೇ. ವಿಮಾನ ಇಳಿಯುವ ಲುಕ್ಲಾದಿಂದ ಹೊರಟು 3,440 ಮೀಟರಿನ ನಾಮ್ಚೆಯಲ್ಲಿ ಎರಡು ರಾತ್ರಿ, ನಡುದಾರಿಯಲ್ಲಿ ಒಂದು ರಾತ್ರಿ ತಂಗಿ 4,410 ಮೀಟರಿನ ದಿಂಗ್‌ಬೋಚೆಯಲ್ಲಿ ಎರಡು ರಾತ್ರಿ, ಆಮೇಲೆ 4,730 ಮೀಟರಿನ ಚುಕುಂಗ್, ಅಲ್ಲಿಂದ ಬೇಸ್ ಕ್ಯಾಂಪ್. ಈ ಎರಡೆರಡು ರಾತ್ರಿಗಳನ್ನು ತೆಗೆದುಹಾಕಿ ‘ಕಡಿಮೆ ದಿನ, ಕಡಿಮೆ ದುಡ್ಡು’ ಅನ್ನುವ ಪ್ರವಾಸ ಕಂಡರೆ ಅದನ್ನು ಅಲ್ಲೇ ಬಿಟ್ಟುಬಿಡಿ. ತಲೆನೋವು, ವಾಂತಿಯಿಂದ ಶುರುವಾಗುವ ಎತ್ತರದ ಕಾಯಿಲೆ ಮಿದುಳಿಗೋ ಶ್ವಾಸಕೋಶಕ್ಕೋ ನೀರು ತುಂಬುವ ಹಂತಕ್ಕೆ ಹೋದರೆ ಜೀವಕ್ಕೇ ಅಪಾಯ. ಆಗ ತಡಮಾಡದೆ ಕೆಳಗಿಳಿಸಲೇಬೇಕು. ಡಯಾಮಾಕ್ಸ್ ಮಾತ್ರೆ ದೇಹ ಎತ್ತರಕ್ಕೆ ಹೊಂದಿಕೊಳ್ಳಲು ನೆರವಾಗುತ್ತದೆ ನಿಜ, ಆದರೆ ಅದು ರಜೆ ಉಳಿಸುವ ಮಾತ್ರೆಯಲ್ಲ. ಡಾಕ್ಟರನ್ನು ಕೇಳದೆ ತೆಗೆದುಕೊಳ್ಳುವಂಥದ್ದೂ ಅಲ್ಲ.

ಸಲಕರಣೆಗಳ ಪಾಠ ನಡೆಯುವುದು ಸಾಮಾನ್ಯವಾಗಿ ಬೇಸ್ ಕ್ಯಾಂಪಿನಲ್ಲಿ, ಒಂದೇ ಮಧ್ಯಾಹ್ನ. ಗೈಡನ್ನು ಅಲ್ಲಿ ‘ದಾಯಿ’ ಅನ್ನುತ್ತಾರೆ, ನೇಪಾಳಿಯಲ್ಲಿ ಅಣ್ಣ ಅಂತ. ದಾಯಿ ಒಂದು ಬಂಡೆಗೆ ಹಗ್ಗ ಕಟ್ಟುತ್ತಾನೆ. ನಿಮ್ಮ ಸೊಂಟದ ಹಾರ್ನೆಸ್‌ನಿಂದ ಎರಡು ತುಂಡು ಹಗ್ಗ ಬಾಲದ ಹಾಗೆ ಇಳಿಬಿದ್ದಿರುತ್ತವೆ. ಒಂದರ ತುದಿಗೆ ಜುಮಾರ್, ಇನ್ನೊಂದಕ್ಕೆ ಬರೀ ಕೊಂಡಿ. ಅದನ್ನು ಸೇಫ್ಟಿ ಅನ್ನುತ್ತಾರೆ. ಜುಮಾರ್ ಅಂದರೆ ಹಗ್ಗವನ್ನು ಕಚ್ಚುವ ಹಿಡಿ. ಮೇಲಕ್ಕೆ ತಳ್ಳಿದರೆ ಜಾರುತ್ತದೆ, ಕೆಳಕ್ಕೆ ಎಳೆದರೆ ಅದರ ಹಲ್ಲು ಹಗ್ಗಕ್ಕೆ ಕಚ್ಚಿಕೊಂಡು ನಿಲ್ಲುತ್ತದೆ. (ಯೂಸಿ ಮತ್ತು ಮಾರ್ಟಿ ಅನ್ನುವ ಇಬ್ಬರು ಸ್ವಿಸ್ ಜನರ ಹೆಸರು ಕೂಡಿಸಿ ಮಾಡಿದ ಪದ ಇದು. ನೇಪಾಳಿ ಇರಬೇಕು ಅಂತ ನಾನು ಬಹಳ ದಿನ ನಂಬಿದ್ದೆ.) ತಳ್ಳುವುದು, ಕಾಲೆತ್ತಿ ಶೂ ಅಡಿಗೆ ಕಟ್ಟಿದ ಕ್ರಾಂಪಾನಿನ ಮುಳ್ಳು ಹಿಮಕ್ಕೆ ಊರುವುದು, ಉಸಿರಾಡುವುದು, ಮತ್ತೆ ತಳ್ಳುವುದು. ಇದು ಹತ್ತು ನಿಮಿಷದಲ್ಲಿ ಬರುತ್ತದೆ.

ಬಾರದೇ ಇರುವುದು ಗಂಟು ದಾಟುವುದು. ಹಗ್ಗವನ್ನು ಹಿಮಕ್ಕೆ ಬಿಗಿದ ಜಾಗ ಬಂದಾಗ ಜುಮಾರ್ ಮುಂದೆ ಹೋಗುವುದಿಲ್ಲ. ಆಗ ಮೊದಲು ಸೇಫ್ಟಿ ಬಿಚ್ಚಿ ಗಂಟಿನ ಆಚೆ ಹಾಕಬೇಕು. ಆಮೇಲೆ ಜುಮಾರ್ ಬಿಚ್ಚಿ ಆಚೆ ಹಾಕಬೇಕು. ಎರಡನ್ನೂ ಒಟ್ಟಿಗೆ ಬಿಚ್ಚಿದರೆ ಆ ಒಂದು ಕ್ಷಣ ನೀವು ಯಾವುದಕ್ಕೂ ಕಟ್ಟಿಲ್ಲ. ಬಂಡೆಯ ಹತ್ತಿರ ಬಿಸಿಲಲ್ಲಿ ಇದು ಮಕ್ಕಳಾಟ. ದಾಯಿ ಬಿಡುವುದಿಲ್ಲ. ದಪ್ಪ ಗ್ಲೌಸ್ ಹಾಕಿಸುತ್ತಾನೆ, ಮತ್ತೆ ಮಾಡಿಸುತ್ತಾನೆ. ಕಣ್ಣು ಮುಚ್ಚಿ ಮಾಡಿ ಅನ್ನುತ್ತಾನೆ. ಸುಮ್ನೆ ಕಾಡುತ್ತಿದ್ದಾನೆ ಅನ್ನಿಸುತ್ತದೆ. ರಾತ್ರಿ ಒಂದು ಗಂಟೆಗೆ ಹೊರಟು, ತಲೆಗೆ ಕಟ್ಟಿದ ಟಾರ್ಚಿನ ಬೆಳಕಲ್ಲಿ ಬಂಡೆಗಳ ಮೇಲೆ ತೆವಳಿ, ಕ್ರಾಂಪಾನ್ ಕಟ್ಟಿ, ಬಿರುಕುಗಳ ನಡುವೆ ಹಿಮನದಿ ದಾಟಿ ಆ ಗೋಡೆಯ ಬುಡಕ್ಕೆ ಬಂದಾಗ ಬೆರಳು ಮರಗಟ್ಟಿರುತ್ತವೆ, ತಲೆ ಅರ್ಧ ಮಾತ್ರ ಓಡುತ್ತಿರುತ್ತದೆ. ಆಗ ಕೈ ತಾನಾಗಿಯೇ ಮೊದಲು ಸೇಫ್ಟಿಗೆ ಹೋಗಬೇಕು. ಅದಕ್ಕೇ ಆ ಕಾಟ.

ಗೋಡೆ ಅಂದದ್ದು ಸುಮಾರು ನೂರು ಮೀಟರಿನ ಕಡಿದಾದ ಹಿಮದ ಏರು. ಅದರ ಮೇಲೆ ಕತ್ತಿಯಂಥ ಏಣು, ಏಣಿನ ಕೊನೆಗೆ ತುದಿ. ಕೆಳಗಿನಿಂದ ದಾಯಿ ಹೇಳುವ ಒಂದೇ ಮಾತು ‘ಬಿಸ್ತಾರೈ, ಬಿಸ್ತಾರೈ’. ನಿಧಾನ, ನಿಧಾನ.

‘ಗೈಡ್ ಜೊತೆಗೆ’ ಅನ್ನುವುದರ ಅರ್ಥವೂ ಇಲ್ಲೇ ಇದೆ. ಚಾರಣದ ಗೈಡ್ ದಾರಿ ತೋರಿಸುತ್ತಾನೆ, ರೂಮು ಹಿಡಿಯುತ್ತಾನೆ. ಕ್ಲೈಂಬಿಂಗ್ ಗೈಡ್ ಹಗ್ಗ ಕಟ್ಟುತ್ತಾನೆ, ನಿಮ್ಮ ಗಂಟುಗಳನ್ನು ನೋಡುತ್ತಾನೆ, ಸಾಕು ಇನ್ನು ಇಳಿಯೋಣ ಅನ್ನುತ್ತಾನೆ. ಇಬ್ಬರೂ ಬೇರೆ ಬೇರೆ, ತರಬೇತಿಯೂ ಬೇರೆ. ದುಡ್ಡು ಕೊಡುವ ಮುಂಚೆ ‘ಎಷ್ಟು ಜನಕ್ಕೆ ಒಬ್ಬ ಕ್ಲೈಂಬಿಂಗ್ ಗೈಡ್?’ ಅಂತ ಕೇಳಿ. ಇಬ್ಬರು ಮೂವರಿಗೆ ಒಬ್ಬ ಅಂದರೆ ಸರಿ. ಇಬ್ಬರನ್ನೂ ‘ಶೆರ್ಪಾ’ ಅಂತ ಕರೆಯುವ ರೂಢಿಯಿದೆಯಲ್ಲ, ಅದೂ ತಪ್ಪೇ. ಶೆರ್ಪಾ ಅನ್ನುವುದು ಕೆಲಸದ ಹೆಸರಲ್ಲ, ಒಂದು ಜನಾಂಗದ ಹೆಸರು. ಟಿಬೆಟನ್ ಭಾಷೆಯಲ್ಲಿ ‘ಪೂರ್ವದವರು’ ಅಂತ. ನಿಮ್ಮ ಗೈಡ್ ರಾಯ್ ಇರಬಹುದು, ತಮಾಂಗ್ ಇರಬಹುದು.

ಕನ್ನಡದಲ್ಲಿ ಇದಕ್ಕೆ ಏನನ್ನೋಣ? ‘ಚಾರಣ ಶಿಖರ’ ಅಂದರೆ ಇಂಗ್ಲಿಷಿನ ತಪ್ಪನ್ನೇ ನಾವೂ ಹೊತ್ತುಕೊಂಡ ಹಾಗೆ. ‘ಚಾರಣಿಗರ ಶಿಖರ’ ಸ್ವಲ್ಪ ವಾಸಿ, ಯಾರಿಗಾಗಿ ಅನ್ನುವುದಾದರೂ ಗೊತ್ತಾಗುತ್ತದೆ. ನನಗಂತೂ ‘ಟ್ರೆಕ್ಕಿಂಗ್ ಪೀಕ್’ ಅಂತಲೇ ಬರೆದು, ಪಕ್ಕದಲ್ಲಿ ‘ಹಗ್ಗ ಬೇಕು’ ಅಂತ ಸೇರಿಸುವುದು ಮೇಲು ಅನ್ನಿಸುತ್ತದೆ.

ಐಲೆಂಡ್ ಪೀಕಿನ ತುದಿಯಲ್ಲಿ ನಿಂತವರಿಗೆ ಎವರೆಸ್ಟ್ ಕಾಣುವುದಿಲ್ಲ. ನೆರೆಯ ಲೋತ್ಸೆ ಶಿಖರದ ದಕ್ಷಿಣದ ಗೋಡೆ ಎದುರಿಗೇ ಎದ್ದು ನಿಂತು ಮರೆ ಮಾಡುತ್ತದೆ. ನೀವು ಹತ್ತಿ ಬಂದ ಮೇಲೂ ಅದು ಇನ್ನೂ 2,300 ಮೀಟರ್ ಮೇಲಕ್ಕಿದೆ. ಎವರೆಸ್ಟ್ ನೋಡಲೇಬೇಕು ಅನ್ನುವವರು ಮೇರಾಗೆ ಹೋಗಬೇಕು. ಆಕಾಶ ತಿಳಿಯಾಗಿದ್ದರೆ ಅಲ್ಲಿಂದ ಎಂಟು ಸಾವಿರ ಮೀಟರ್ ದಾಟಿದ ಐದು ಶಿಖರ ಕಾಣುತ್ತವೆ. ಇಳಿದು ಬಂದ ಮೇಲೆ ಎನ್‌ಎಂಎ ಒಂದು ಸರ್ಟಿಫಿಕೇಟ್ ಕೊಡುತ್ತದೆ. ಮನೆಗೆ ಬಂದ ನೆಂಟರು ಅದನ್ನು ಓದಿ, ಇಮ್ಜಾ ತ್ಸೆ ಅಂದರೆ ಏನಪ್ಪಾ ಅಂತ ಕೇಳುತ್ತಾರೆ. ನೇಪಾಳದಲ್ಲಿ ಒಂದು ಟ್ರೆಕ್ಕಿಂಗ್ ಪೀಕ್ ಅಂತ ನೀವು ಹೇಳುತ್ತೀರಿ.

“ಓ, ಟ್ರೆಕ್ಕಿಂಗಾ?” ಅಂತಾರೆ.