ಧಣಿ ಮಂಗಳೂರಲ್ಲಿ, ಬೀಡಿ ಕಟ್ಟುವವರು ಕಾಸರಗೋಡಲ್ಲಿ: ಮಾತುಕತೆಗೆ ಕೂರುವವರು ಯಾರು?

ಮಂಜೇಶ್ವರ, ಕುಂಬಳೆ ಕಡೆ ಮನೆಯಲ್ಲೇ ಬೀಡಿ ಕಟ್ಟುವ ಹೆಂಗಸರಿಗೆ ಎಲೆ, ಹೊಗೆಸೊಪ್ಪು ಸಿಗುವುದು ಊರಿನ ಬ್ರಾಂಚಿನಲ್ಲಿ. ಕಟ್ಟಿದ ಬೀಡಿ ಕೊಡುವುದೂ ಅಲ್ಲೇ. ಆದರೆ ಬ್ರಾಂಚಿನ ಹಿಂದಿರುವ ಕಂಪನಿ ಹೆಚ್ಚಾಗಿ ಮಂಗಳೂರಿನದು. ಕಟ್ಟುವವರು ಕೇರಳದಲ್ಲಿ, ಧಣಿ ಕರ್ನಾಟಕದಲ್ಲಿ. ಮಜೂರಿಯ ತಕರಾರು ಬಂದರೆ ಯಾವ ಸರ್ಕಾರದ ಎದುರು, ಯಾರು ಯಾರು ಕೂತು ಮಾತಾಡಬೇಕು?

1956ರ ನವೆಂಬರ್ 1ಕ್ಕಿಂತ ಮೊದಲು ಈ ತೊಡಕು ಇರಲಿಲ್ಲ. ಕಾಸರಗೋಡು ಆಗ ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕು. ರಾಜ್ಯಗಳ ಮರುವಿಂಗಡಣೆಯಲ್ಲಿ ಕಾಸರಗೋಡು ಕೇರಳಕ್ಕೆ ಹೋಯಿತು, ಮಂಗಳೂರು ಮೈಸೂರು ರಾಜ್ಯಕ್ಕೆ ಸೇರಿತು. ಮಾತು, ನೆಂಟಸ್ತಿಕೆ, ವ್ಯಾಪಾರ ಹಾಗೇ ಉಳಿದವು. ಕನಿಷ್ಠ ಕೂಲಿ ಗೊತ್ತುಮಾಡುವ ಸರ್ಕಾರ ಮಾತ್ರ ಎರಡಾಯಿತು.

ಸರ್ಕಾರ, ಮಾಲೀಕರು, ಕಾರ್ಮಿಕ ಸಂಘ ಮೂವರೂ ಒಟ್ಟಿಗೆ ಕೂರುವ ಪದ್ಧತಿಗೆ ಆಗಲೇ ವಯಸ್ಸಾಗಿತ್ತು. 1919ರಲ್ಲಿ ಹುಟ್ಟಿದ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ ಸಮ್ಮೇಳನಕ್ಕೆ ಪ್ರತಿ ದೇಶದಿಂದ ಸರ್ಕಾರದ ಇಬ್ಬರು, ಮಾಲೀಕರ ಕಡೆಯ ಒಬ್ಬರು, ಕಾರ್ಮಿಕರ ಕಡೆಯ ಒಬ್ಬರು ಹೋಗುತ್ತಾರೆ. ನಮ್ಮಲ್ಲಿ ಇದು ಬಂದದ್ದು 1942ರಲ್ಲಿ, ಯುದ್ಧದ ಇಕ್ಕಟ್ಟಿನ ನಡುವೆ. ವೈಸ್‌ರಾಯ್ ಮಂಡಳಿಯಲ್ಲಿ ಕಾರ್ಮಿಕ ಖಾತೆ ಆಗ ಅಂಬೇಡ್ಕರ್ ಅವರ ಕೈಯಲ್ಲಿತ್ತು. ಹೀಗೆ ಮೂವರೂ ಕೂರುವ ರಾಷ್ಟ್ರಮಟ್ಟದ ಸಭೆಯೇ ಭಾರತೀಯ ಕಾರ್ಮಿಕ ಸಮ್ಮೇಳನ. 1957ರಲ್ಲಿ ಅದರ 15ನೇ ಅಧಿವೇಶನ ಒಂದು ದೊಡ್ಡ ಕೆಲಸ ಮಾಡಿತು. ಒಂದು ಸಂಸಾರಕ್ಕೆ ಎಷ್ಟು ಊಟ ಬೇಕು, ವರ್ಷಕ್ಕೆ ಎಷ್ಟು ಬಟ್ಟೆ ಬೇಕು, ಬಾಡಿಗೆ, ಸೌದೆ, ದೀಪಕ್ಕೆ ಎಷ್ಟು ಬೇಕು ಎಂದು ಲೆಕ್ಕ ಹಾಕಿ ಕನಿಷ್ಠ ಕೂಲಿ ನಿಗದಿ ಮಾಡಬೇಕು ಎಂದು ಮೂವರೂ ಒಪ್ಪಿದರು. ಬಟ್ಟೆಗೆ ಇಟ್ಟ ಲೆಕ್ಕ 72 ಗಜ. ಕೂಲಿ ಎಂದರೆ ಧಣಿ ಮನಸ್ಸು ಬಂದಷ್ಟು ಕೊಡುವುದಲ್ಲ ಎಂಬುದು ಅಲ್ಲಿ ಗಟ್ಟಿಯಾಯಿತು.

ಬೀಡಿಗೆ ಬರೋಣ. 1966ರಲ್ಲಿ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯಿದೆ ಬಂತು. ವಾರದ ರಜೆ, ಹೆರಿಗೆ ಸೌಲಭ್ಯ, ರಜೆಯ ಸಂಬಳ ಎಲ್ಲ ಅದರಲ್ಲಿತ್ತು. ಮನೆಯಲ್ಲಿ ಬೀಡಿ ಕಟ್ಟುವವರೂ ನೌಕರರೇ ಎಂದು ಅದು ಹೇಳಿತು. ನಡುವೆ ಗುತ್ತಿಗೆದಾರ ಇದ್ದರೂ ಜವಾಬ್ದಾರಿ ಮೂಲ ಧಣಿಯದೇ ಎಂದೂ ಹೇಳಿತು. ಮುಖ್ಯಮಂತ್ರಿ ಇ.ಎಂ.ಎಸ್. ನಂಬೂದಿರಿಪಾಡ್ ಅವರ ಸರ್ಕಾರ ಕೇರಳದಲ್ಲಿ ಅದನ್ನು ಜಾರಿಗೆ ತರಲು ಹೊರಟಾಗ ಮಾಲೀಕರು ಕಾನೂನು ಪಾಲಿಸುವುದಕ್ಕಿಂತ ಬಾಗಿಲು ಹಾಕುವುದನ್ನೇ ಆರಿಸಿಕೊಂಡರು. 1968ರಲ್ಲಿ ಮಂಗಳೂರು ಗಣೇಶ್ ಬೀಡಿ ಅಂದಿನ ಕಣ್ಣೂರು ಜಿಲ್ಲೆಯಲ್ಲಿದ್ದ ತನ್ನ ಕೆಲಸ ನಿಲ್ಲಿಸಿತು. ಕಾಸರಗೋಡು ಆಗ ಅದೇ ಜಿಲ್ಲೆಯಲ್ಲಿತ್ತು. ಸುಮಾರು 12,000 ಜನರ ಕೆಲಸ ಹೋಯಿತು. ಕಾಯಿದೆ ಇನ್ನೂ ಜಾರಿಯಾಗದ ಕಡೆ ಬೀಡಿ ಕಟ್ಟಿಸಿಕೊಳ್ಳುವುದು ಧಣಿಗೆ ಕಷ್ಟವಿರಲಿಲ್ಲ. ಗಡಿ ಇದ್ದದ್ದು ಆತನಿಗೆ ಅನುಕೂಲವೇ ಆಯಿತು.

ಮೂವರಲ್ಲಿ ಒಬ್ಬರು ಎದ್ದು ಹೋದರೆ ಮಾತುಕತೆ ಮುಗಿದಂತೆಯೇ, ಅಲ್ವಾ? ಆದರೆ ಇಲ್ಲಿ ಮುಗಿಯಲಿಲ್ಲ. ಉಳಿದ ಇಬ್ಬರು, ಸರ್ಕಾರ ಮತ್ತು ಸಂಘಗಳು, ಮಾತು ಮುಂದುವರಿಸಿದವು. 1969ರ ಫೆಬ್ರವರಿಯಲ್ಲಿ ಕೇರಳ ದಿನೇಶ್ ಬೀಡಿ ಸಹಕಾರಿ ಸಂಘ ನೋಂದಣಿಯಾಯಿತು. ಕೆಲಸಗಾರರೇ ಸದಸ್ಯರು. ಪಾಲು ಬಂಡವಾಳದ ಹೆಚ್ಚಿನ ಭಾಗ ಸರ್ಕಾರದ ಸಾಲ. ಏಳಿಗೆಯ ಕಾಲದಲ್ಲಿ ಅಲ್ಲಿ ಸುಮಾರು 42,000 ಜನ ಕೆಲಸ ಮಾಡಿದರು. ಬೀಡಿಗೆ ಗಿರಾಕಿ ಕಡಿಮೆಯಾಗತೊಡಗಿದಾಗ ಸಂಘ ಆಹಾರ ಪದಾರ್ಥ, ಕೊಡೆ ತಯಾರಿಕೆಗೂ ಕೈ ಹಾಕಿತು.

ಇದು ಹೇಗೆ ಸಾಧ್ಯವಾಯಿತು? ಕಣ್ಣೂರು ಕಡೆಯ ಬೀಡಿ ಕೆಲಸಗಾರರು ಒಂದೇ ಸೂರಿನಡಿ ಕೂತು ಕೆಲಸ ಮಾಡುತ್ತಿದ್ದರು. ಒಬ್ಬ ಪೇಪರ್ ಓದುತ್ತಿದ್ದ, ಉಳಿದವರು ಕೇಳುತ್ತಾ ಬೀಡಿ ಕಟ್ಟುತ್ತಿದ್ದರು. ಆತನ ಕೂಲಿಯನ್ನು ಎಲ್ಲರೂ ಸೇರಿ ತುಂಬಿಕೊಡುತ್ತಿದ್ದರು. 1930ರ ದಶಕದಿಂದಲೇ ಅವರಲ್ಲಿ ಸಂಘ ಇತ್ತು, ಮುಷ್ಕರದ ಅನುಭವ ಇತ್ತು. ಮಾತುಕತೆಗೆ ಕರೆದರೆ ಹೋಗಿ ಕೂರುವ ಜನ ತಯಾರಿದ್ದರು.

ಚಂದ್ರಗಿರಿ ಹೊಳೆಯ ಬಡಗು ಕಡೆ, ಕನ್ನಡ ತುಳು ಆಡುವ ಊರುಗಳಲ್ಲಿ, ಬೀಡಿ ಕಟ್ಟುವವರು ಒಬ್ಬೊಬ್ಬರೂ ಒಂದೊಂದು ಮನೆಯಲ್ಲಿ. ಹೆಚ್ಚಿನವರು ಹೆಂಗಸರು. ಅಡುಗೆ, ಮಕ್ಕಳು, ದನ ಎಲ್ಲ ಮುಗಿಸಿ ಸೂಪ, ಅಂದರೆ ಬೀಡಿ ಕಟ್ಟುವ ಮೊರ, ಹಿಡಿದು ಕೂರುವವರು. ಕಾನೂನು ಇವರ ಪರವಾಗಿಯೇ ಇತ್ತು. ಮಂಗಳೂರು ಗಣೇಶ್ ಬೀಡಿ ಪ್ರಕರಣದಲ್ಲಿ 1974ರಲ್ಲಿ ಸುಪ್ರೀಂ ಕೋರ್ಟ್ 1966ರ ಕಾಯಿದೆಯನ್ನು ಎತ್ತಿಹಿಡಿಯಿತು. 1976ರಲ್ಲಿ ಕಲ್ಯಾಣ ನಿಧಿ ಬಂತು, ಮರುವರ್ಷ ಪಿಎಫ್ ಬಂತು. ಅದೆಷ್ಟೋ ಮನೆಗಳಲ್ಲಿ ಮಕ್ಕಳ ಓದಿಗೆ ಆಸರೆಯಾದದ್ದು ಬೀಡಿ ಕಾರ್ಮಿಕರ ಸ್ಕಾಲರ್‌ಶಿಪ್. ಇವೆಲ್ಲ ಸಣ್ಣ ಸಂಗತಿಗಳಲ್ಲ. ಆದರೆ ಹಕ್ಕು ಸಿಗುವುದು ಬೇರೆ, ಆ ಹಕ್ಕಿನ ಬಗ್ಗೆ ಮಾತಾಡುವಾಗ ಅಲ್ಲಿ ಇರುವುದು ಬೇರೆ.

ಕಷ್ಟಕಾಲದಲ್ಲಿ ಈ ವ್ಯತ್ಯಾಸ ಎದ್ದು ಕಾಣುತ್ತದೆ. 2017ರಲ್ಲಿ ಜಿಎಸ್‌ಟಿ ಬಂದಾಗ ಕಲ್ಯಾಣ ನಿಧಿಗೆ ಹಣ ತರುತ್ತಿದ್ದ ಬೀಡಿ ಸೆಸ್ ಇಲ್ಲವಾಯಿತು. 2020ರ ಮಾರ್ಚಿನಲ್ಲಿ ಲಾಕ್‌ಡೌನ್ ಆದಾಗ ಕರ್ನಾಟಕ ಗಡಿ ರಸ್ತೆಗಳನ್ನು ಮುಚ್ಚಿತು. ಗಡಿಯ ತಲಪಾಡಿಯಲ್ಲಿ ಮಂಗಳೂರಿನ ಆಸ್ಪತ್ರೆಗಳಿಗೆ ಹೊರಟ ಆಂಬುಲೆನ್ಸ್‌ಗಳೇ ನಿಂತವು. ಆಸ್ಪತ್ರೆಯ ವಿಷಯ ಹೈಕೋರ್ಟು, ಸುಪ್ರೀಂ ಕೋರ್ಟಿನ ತನಕ ಹೋಯಿತು, ಹೋಗಲೇಬೇಕಿತ್ತು. ಮಂಗಳೂರಿನ ಎಲೆಯನ್ನೇ ನಂಬಿದ್ದ ಹೆಂಗಸರ ಕೂಲಿಯ ವಿಷಯ ಅಷ್ಟು ದೂರ ಹೋಗಲಿಲ್ಲ.

ದೆಹಲಿಯಲ್ಲೂ ಮಾತುಕತೆ ಬಡವಾಯಿತು. ಭಾರತೀಯ ಕಾರ್ಮಿಕ ಸಮ್ಮೇಳನದ 46ನೇ ಅಧಿವೇಶನ ನಡೆದದ್ದು 2015ರ ಜುಲೈಯಲ್ಲಿ. ಆಮೇಲೆ ಹತ್ತು ವರ್ಷ ಕಳೆದರೂ ಮತ್ತೊಂದು ನಡೆಯಲಿಲ್ಲ. ಅಷ್ಟರಲ್ಲೇ ನಾಲ್ಕು ಕಾರ್ಮಿಕ ಸಂಹಿತೆಗಳು ಸಂಸತ್ತಿನಲ್ಲಿ ಪಾಸಾದವು, 2025ರ ನವೆಂಬರ್ 21ರಂದು ಜಾರಿಗೆ ಬಂದವು. 1966ರ ಬೀಡಿ ಕಾಯಿದೆಯೂ ಅವುಗಳಲ್ಲಿ ಒಂದರೊಳಗೆ ಸೇರಿಹೋಯಿತು. ಇಷ್ಟು ದೊಡ್ಡ ಬದಲಾವಣೆಗೆ ಮೊದಲು ಮೂವರನ್ನೂ ಕೂರಿಸಿ ಮಾತಾಡಬೇಕಿತ್ತು ಎಂದು ಕೇಂದ್ರ ಕಾರ್ಮಿಕ ಸಂಘಗಳು ಹೇಳುತ್ತಲೇ ಬಂದಿವೆ. ಅದು ನ್ಯಾಯವಾದ ಮಾತು.

ಗಡಿನಾಡಿಗೆ ಮೂವರು ಸಾಲದು. ಇಲ್ಲಿ ಸರ್ಕಾರ ಎಂದರೆ ತಿರುವನಂತಪುರವೂ ಹೌದು, ಬೆಂಗಳೂರೂ ಹೌದು. ಎರಡು ರಾಜ್ಯಗಳ ಕಾರ್ಮಿಕ ಇಲಾಖೆಗಳು, ಮಂಗಳೂರಿನ ಬೀಡಿ ಮಾಲೀಕರು, ಎರಡೂ ಕಡೆಯ ಸಂಘಗಳು ಒಟ್ಟಿಗೆ ಕೂರುವ ಕಾಯಂ ಸಮಿತಿ ಬೇಕು. ಅದರಲ್ಲಿ ಮನೆಯಲ್ಲಿ ಬೀಡಿ ಕಟ್ಟುವ ಹೆಂಗಸರೇ ಇರಬೇಕು. ಮಾತು ಅವರಿಗೆ ತಿಳಿಯುವ ಕನ್ನಡದಲ್ಲಿ, ತುಳುವಿನಲ್ಲಿ, ಮಲಯಾಳದಲ್ಲಿ ನಡೆಯಬೇಕು. ಸಾವಿರ ಬೀಡಿಗೆ ಎಷ್ಟು ಮಜೂರಿ ಎಂಬುದರ ಜೊತೆಗೆ ಬೀಡಿ ನಿಂತರೆ ಮುಂದೇನು ಎಂಬುದೂ ಅಲ್ಲಿ ಚರ್ಚೆಗೆ ಬರಬೇಕು. ತಂಬಾಕು ನಿಯಂತ್ರಣದ ಜಾಗತಿಕ ಒಪ್ಪಂದಕ್ಕೆ ಭಾರತ 2004ರಲ್ಲೇ ಒಪ್ಪಿಗೆ ಕೊಟ್ಟಿದೆ. ತಂಬಾಕು ಕೆಲಸಗಾರರಿಗೆ ಬೇರೆ ಕೆಲಸದ ದಾರಿ ಮಾಡಿಕೊಡಬೇಕು ಎಂದು ಅದರ 17ನೇ ವಿಧಿ ಹೇಳುತ್ತದೆ. ಸಮಿತಿಯ ಮೊದಲ ಸಭೆ ಅಲ್ಲಿಂದಲೇ ಶುರುವಾಗಬಹುದು.